ಮಲೆನಾಡಿನ ಮಳೇಲಿ ಫೋಟೋ ಉಳೀಬೇಕಾ? ಮೌಂಟು, ಗಾಜು, ಕಟ್ಟು ಆರಿಸೋ ಸರಿಯಾದ ಕ್ರಮ

ಮಳೆಗಾಲ ಮುಗೀತು ಅಂದ್ರೆ ಸಾಕು, ಪ್ರತಿ ವರ್ಷ ಇದೇ ಪ್ರಶ್ನೆಗಳು. ಫೋಟೋ ಗಾಜಿಗೆ ಅಂಟ್ಕೊಂಡಿದೆ ಏನ್ಮಾಡೋದು, ಫೋಟೋ ಸುತ್ತ ಹಾಕೋ ಬಿಳಿ ಬೋರ್ಡಿನ, ಅಂದ್ರೆ ಮೌಂಟಿನ, ಅಂಚೆಲ್ಲ ಹಳದಿ ಆಗಿದೆ, ಒಳಗಡೆ ಬೂಷ್ಟು ಬಂದಿದೆ, ಕಟ್ಟು ಹಾಕ್ಸಿದ್ದು ಹೋದ ವರ್ಷ ತಾನೇ. ಹೀಗೆ ಕೇಳೋರು ಯಾರೂ ದುಡ್ಡಿಗೆ ಹಿಂದೆಮುಂದೆ ನೋಡಿದೋರಲ್ಲ, ಸುತ್ತಲಿನ ಚೌಕಟ್ಟಿಗೆ ಒಳ್ಳೆ ಪಟ್ಟಿನೇ ಹಾಕ್ಸಿರ್ತಾರೆ. ಎಡವಟ್ಟಾಗಿರೋದು ಆರಿಸಿದ ಕ್ರಮದಲ್ಲಿ. ಅಂಗಡಿಗೆ ಹೋದ ಕೂಡ್ಲೆ ಗೋಡೆ ತುಂಬ ನೇತು ಹಾಕಿರೋ ಪಟ್ಟಿ ಸ್ಯಾಂಪಲ್ ಕಡೆ ಕಣ್ಣು ಹೋಗತ್ತೆ, ಆಮೇಲೆ ಮೌಂಟಿನ ಬಣ್ಣ, ಆಮೇಲೆ ಗಾಜು, ಇನ್ನು ಹಿಂದಗಡೆ ಏನು ಹಾಕ್ತಾರೆ ಯಾವ ಅಂಟಲ್ಲಿ ಅಂಟಿಸ್ತಾರೆ ಅಂತ ಕೇಳೋಕೇ ಹೋಗಲ್ಲ. ಇದನ್ನ ಪೂರ್ತಿ ಉಲ್ಟಾ ಮಾಡ್ಬೇಕು. ಫೋಟೋಗೆ ತಾಗೋ ವಸ್ತು ಮೊದ್ಲು, ಕಣ್ಣಿಗೆ ಕಾಣೋದು ಕೊನೇಲಿ. ಕೆಳಗಿನ ಹಂತಗಳು ಅದೇ ಕ್ರಮದಲ್ಲಿವೆ, ಮಧ್ಯ ಹಾರಿಸ್ಬೇಡಿ.

ಊರಿನ ವಿಷ್ಯ ಒಂದು ಮಾತು. ಕಡೂರು, ಅರಸೀಕೆರೆ ಕಡೆ ಬಯಲುಸೀಮೆ ಮನೇಲಿ ಹತ್ತು ವರ್ಷ ಸುಮ್ನೆ ಇರೋ ಕಟ್ಟು ಕೊಪ್ಪ, ಶೃಂಗೇರಿ, ಮೂಡಿಗೆರೆ, ಸಕಲೇಶಪುರದಲ್ಲಿ ಒಂದೇ ಮಳೆಗಾಲಕ್ಕೆ ಕೈ ಕೊಡಬಹುದು. ಹಾಸನ, ಚಿಕ್ಕಮಗಳೂರು ಪೇಟೆ ಇವೆರಡರ ನಡುವೆ. ನಾನು ಘಟ್ಟದ ಕಡೆ ಥಂಡಿ ಮನಸ್ಸಲ್ಲಿಟ್ಕೊಂಡೇ ಬರೀತಿದೀನಿ, ಬಯಲುಸೀಮೆಯೋರು ಗಾಜಿನ ಹಂತದಲ್ಲಿ ಸ್ವಲ್ಪ ಸಡಿಲ ಮಾಡ್ಕೋಬಹುದು, ಬೋರ್ಡು ಮತ್ತೆ ಅಂಟಿನ ಹಂತದಲ್ಲಿ ಬೇಡ.

ಕೈಯಲ್ಲಿ ಏನೇನಿರಬೇಕು

ಉಕ್ಕಿನ ಸ್ಕೇಲು, ಹೊಸ ಬ್ಲೇಡ್ ಹಾಕಿದ ಕಟರ್, 2ಬಿ ಪೆನ್ಸಿಲ್, ಮೈಕ್ರೋಫೈಬರ್ ಬಟ್ಟೆ, ಮೃದುವಾದ ಅಗಲ ಬ್ರಷ್, ನೈಟ್ರೈಲ್ ಗ್ಲೌಸು, ಒಂದು ಭೂತಗನ್ನಡಿ. ಜೊತೆಗೆ ಬೋರ್ಡಲ್ಲಿ ಆಸಿಡ್ ಇದೆಯಾ ತೋರಿಸೋ ಪಿಎಚ್ ಪೆನ್ನು, ರೂಮಿನ ತೇವ ತೋರಿಸೋ ಸಣ್ಣ ಡಿಜಿಟಲ್ ಹೈಗ್ರೋಮೀಟರ್, ಇವೆರಡೂ ಆನ್‌ಲೈನಲ್ಲಿ ಸಿಗತ್ತೆ. ಮೌಂಟಿನ ಕಿಟಕಿನ, ಅಂದ್ರೆ ಫೋಟೋ ಕಾಣೋಕೆ ಮಧ್ಯ ಬಿಡೋ ಚೌಕದ ತೂತನ್ನ, 45 ಡಿಗ್ರಿ ಓರೆಯಾಗಿ ಕತ್ತರಿಸೋ ಮ್ಯಾಟ್ ಕಟರ್ ಕೊಳ್ಳೋ ಅಗತ್ಯ ಇಲ್ಲ, ಬೋರ್ಡು ನೀವು ಕೊಟ್ರೆ ಅಂಗಡಿಯೋರೇ ಕತ್ತರಿಸ್ಕೊಡ್ತಾರೆ.

ಹಂತ 1: ಇದು ಯಾವ ತರದ ಪ್ರಿಂಟು ಅಂತ ಮೊದ್ಲು ತಿಳ್ಕೊಳ್ಳಿ

ಯಾವ ಬೋರ್ಡು, ಯಾವ ಅಂಟು ಅನ್ನೋದೆಲ್ಲ ಇದರ ಮೇಲೆ ನಿಂತಿರತ್ತೆ. ಫೋಟೋ ತಿರುಗಿಸಿ ಬೆನ್ನು ನೋಡಿ. ಬೆನ್ನು ನಿಜವಾದ ಕಾಗದದ ತರ ಇದ್ದು, ದಪ್ಪ ಇದ್ದು, ಸುರುಳಿ ಸುತ್ಕೊಳ್ಳೋ ಹಳೇ ಕಪ್ಪು-ಬಿಳುಪು ಫೋಟೋ ಆದ್ರೆ ಅದು ಹೆಚ್ಚುಕಮ್ಮಿ ಫೈಬರ್ ಪೇಪರಿನ ಸಿಲ್ವರ್ ಜೆಲಾಟಿನ್ ಪ್ರಿಂಟು, ಅಂದ್ರೆ ಜೆಲಾಟಿನ್ ಅನ್ನೋ ತೆಳು ಪದರದೊಳಗೆ ಬೆಳ್ಳಿ ಕಣಗಳಿಂದ ಚಿತ್ರ ಮೂಡಿಸಿದ್ದು. ಓರೆಯಾಗಿ ಬೆಳಕಿಗೆ ಹಿಡಿದಾಗ ಕಪ್ಪು ಜಾಗದಲ್ಲಿ ನೀಲಿ ಛಾಯೆಯ ಬೆಳ್ಳಿ ಹೊಳಪು ಕಾಣ್ತಿದ್ರೆ ಚಿತ್ರದ ಬೆಳ್ಳಿ ಮೇಲಕ್ಕೆ ಬರ್ತಾ ಇದೆ ಅಂತ ಅರ್ಥ, ಅದನ್ನ ಬಟ್ಟೇಲಿ ಉಜ್ಜಬೇಡಿ.

ಬೆನ್ನು ಪ್ಲಾಸ್ಟಿಕ್ ತರ ನುಣುಪಾಗಿದ್ದು ಪೇಪರ್ ಕಂಪನಿ ಹೆಸರು ಮಸುಕಾಗಿ ಅಚ್ಚಾಗಿದ್ರೆ ಅದು ಲ್ಯಾಬ್ ಪ್ರಿಂಟು. 80-90ರ ದಶಕದ ಮದುವೆ ಫೋಟೋಗಳೆಲ್ಲ ಬಹುಪಾಲು ಇವೇ. ಇವು ಕೆಂಪಾಗ್ತಾ ಹೋಗೋದು ಒಳಗಿನ ನೀಲಿ-ಹಸಿರು ಬಣ್ಣ ಸಾಯೋದ್ರಿಂದ, ಕತ್ತಲಲ್ಲಿಟ್ರೂ ನಿಧಾನಕ್ಕೆ ಆಗತ್ತೆ, ಯಾವ ಕಟ್ಟೂ ಅದನ್ನ ವಾಪಸ್ ತರಲ್ಲ.

ಭೂತಗನ್ನಡೀಲಿ ಬಣ್ಣದ ಸಣ್ಣ ಸಣ್ಣ ಚುಕ್ಕಿ ಕಂಡ್ರೆ ಇಂಕ್‌ಜೆಟ್. ಇದ್ರಲ್ಲಿ ಪಿಗ್ಮೆಂಟ್ ಇಂಕಾ ಡೈ ಇಂಕಾ ಅಂತ ಪ್ರಿಂಟ್ ಮಾಡಿದೋರನ್ನೇ ಕೇಳಿ. ಪಿಗ್ಮೆಂಟ್ ಗಟ್ಟಿ, ಡೈ ಬೇಗ ಮಾಸತ್ತೆ, ತೇವಕ್ಕೆ ಹರಡೋದೂ ಉಂಟು. ಇಂಕ್‌ಜೆಟ್ ಪ್ರಿಂಟನ್ನ ಬಿಸಿಬಿಸಿಯಾಗಿ ತಂದು ಗಾಜಿನ ಹಿಂದೆ ಕೂರಿಸ್ಬೇಡಿ. ಇಂಕಿನಲ್ಲಿರೋ ದ್ರಾವಣ ಆರೋಕೆ ಟೈಮ್ ಬೇಕು, ಕಮ್ಮಿ ಅಂದ್ರೂ ಒಂದು ದಿನ, ಮಳೆಗಾಲದಲ್ಲಿ ಅದಕ್ಕಿಂತ ಜಾಸ್ತಿ. ಆರದೆ ಮುಚ್ಚಿದ್ರೆ ಗಾಜಿನ ಒಳಮೈಗೆ ಮಂಜು ಹಿಡಿದಂಗೆ ಎಣ್ಣೆ ಪೊರೆ ಕೂರತ್ತೆ, ಆಮೇಲೆ ಅದನ್ನ ಬೂಷ್ಟು ಅಂದ್ಕೊಂಡು ಗಾಬರಿ ಬೀಳ್ತಾರೆ.

ಇನ್ನೊಂದು ಮಾತು ಇಲ್ಲೇ ಹೇಳ್ಬಿಡ್ತೀನಿ. ಅಜ್ಜಂದೋ ಮುತ್ತಜ್ಜಿದೋ ಒಂದೇ ಒಂದು ಪ್ರತಿ ಇರೋ ಫೋಟೋ ಆದ್ರೆ ಒರಿಜಿನಲ್ ಗೋಡೆಗೆ ಹಾಕೋದೇ ಬೇಡ. ಚೆನ್ನಾಗಿ ಸ್ಕ್ಯಾನ್ ಮಾಡ್ಸಿ, ಪಿಗ್ಮೆಂಟ್ ಪ್ರಿಂಟ್ ತೆಗೆಸಿ ಅದಕ್ಕೆ ಕಟ್ಟು ಹಾಕ್ಸಿ, ಒರಿಜಿನಲ್ ಒಣ ಕಪಾಟಲ್ಲಿ, ಫೋಟೋಗೆ ಅಂತಾನೇ ಮಾಡಿದ ಕಾಗದದ ಲಕೋಟೇಲಿ ಇರ್ಲಿ. ಘಟ್ಟದ ಕಡೆ ಮನೆಗೆ ಫೋಟೋನ ಬಹುಕಾಲ ಉಳಿಸೋ ಇದಕ್ಕಿಂತ ಒಳ್ಳೆ ಉಪಾಯ ನಂಗೊತ್ತಿಲ್ಲ.

ಹಂತ 2: ಮೌಂಟ್ ಬೋರ್ಡು

ಇಲ್ಲೇ ಜಾಸ್ತಿ ಜನ ಬೀಳೋದು, ಅದಕ್ಕೇ ಸ್ವಲ್ಪ ಉದ್ದ ಬರೀತೀನಿ.

ಮಾಮೂಲಿ ಮೌಂಟ್ ಬೋರ್ಡು ಮರದ ತಿರುಳಿಂದ ಮಾಡಿದ್ದು, ಅದ್ರಲ್ಲಿ ಲಿಗ್ನಿನ್ ಅನ್ನೋ ಮರದ ಅಂಶ ಇರತ್ತೆ. ಬೆಳಕು, ಗಾಳಿ ತಾಗ್ತಾ ತಾಗ್ತಾ ಅದು ಹಳದಿಯಾಗಿ ಆಸಿಡ್ ಬಿಡತ್ತೆ, ಬಿಸಿಲಿಗಿಟ್ಟ ನ್ಯೂಸ್ ಪೇಪರ್ ಕಂದಾಗೋದೂ ಇದರಿಂದಾನೇ. ಆ ಆಸಿಡ್ ಬೋರ್ಡಿಂದ ಫೋಟೋಗೆ ದಾಟತ್ತೆ. ಕಿಟಕಿಯ ಓರೆ ಅಂಚು ಕಂದಾಗಿ, ಅದರ ಪಕ್ಕದಲ್ಲೇ ಫೋಟೋ ಮೇಲೂ ಸುಟ್ಟ ಗೆರೆ ತರ ಬಂದಿರತ್ತಲ್ಲ, ಅದು ಇದೇ.

ಅದಕ್ಕಿಂತ ಮೇಲಿನದು ಆಸಿಡ್ ಫ್ರೀ ಅಂತ ಮಾರೋ ಬೋರ್ಡು. ಈ ಲೇಬಲ್ ನೋಡಿ ನಂಬಿದ್ರೆ ಕೆಟ್ಟಿರಿ. ಬಹಳಷ್ಟು ಸಲ ಅದೇ ಮರದ ತಿರುಳಿಗೆ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದ್ರೆ ಸೀಮೆಸುಣ್ಣದ ಪುಡಿ, ಸೇರಿಸಿ ಇವತ್ತಿನ ಮಟ್ಟಿಗೆ ಆಸಿಡ್ ತಗ್ಗಿಸಿರ್ತಾರೆ. ಲಿಗ್ನಿನ್ ಒಳಗೇ ಇರತ್ತೆ, ಸುಣ್ಣ ಖರ್ಚಾದ ಮೇಲೆ ಮತ್ತೆ ಹಳೇ ಕಥೆ. ನೀವು ಕೇಳಬೇಕಾದ್ದು ಎರಡೇ ಹೆಸರು: ಲಿಗ್ನಿನ್ ತೆಗೆದ ಆಲ್ಫಾ ಸೆಲ್ಯುಲೋಸ್ ಬೋರ್ಡು, ಇಲ್ಲಾ 100% ಕಾಟನ್ ರ‍್ಯಾಗ್ ಬೋರ್ಡು. ಎರಡನೇದಕ್ಕೆ ಮ್ಯೂಸಿಯಂ ಬೋರ್ಡು ಅಂತಾನೂ ಅಂತಾರೆ, ಅದು ಹತ್ತಿಯದು.

ಇದರ ಜೊತೆ ಪಿಎಟಿ ಪಾಸಾಗಿದೆಯಾ ನೋಡಿ. ಫೋಟೋಗ್ರಾಫಿಕ್ ಆಕ್ಟಿವಿಟಿ ಟೆಸ್ಟ್, ಐಎಸ್‌ಒ 18916 ಅನ್ನೋ ಸ್ಟ್ಯಾಂಡರ್ಡ್. ಬೋರ್ಡು, ಅಂಟು, ಟೇಪು ಯಾವುದನ್ನೇ ಆದ್ರೂ ಫೋಟೋ ಜೊತೆ ಒತ್ತಿಟ್ಟು 70 ಡಿಗ್ರಿ ಸೆಲ್ಸಿಯಸ್, 86% ತೇವದಲ್ಲಿ 15 ದಿನ ಇಟ್ಟು ಕಲೆ ಬರತ್ತಾ, ಮಾಸತ್ತಾ ನೋಡ್ತಾರೆ. 70 ಡಿಗ್ರಿ ಬಿಡಿ, 86% ತೇವ ಅಂದ್ರೆ ಪುನರ್ವಸು ಮಳೇಲಿ ನಮ್ಮ ಸಕಲೇಶಪುರದ ಒಂದು ಮಾಮೂಲಿ ದಿನ! ಹಾಗಾಗಿ ಈ ಟೆಸ್ಟು ಬೇರೆಯೋರಿಗಿಂತ ನಮಗೇ ಜಾಸ್ತಿ ಅನ್ವಯ ಆಗತ್ತೆ ಅನ್ನಿ.

ಇನ್ನು ಬಫರ್ಡಾ ಅನ್‌ಬಫರ್ಡಾ ಅನ್ನೋ ಗೊಂದಲ. ಬಫರ್ಡ್ ಅಂದ್ರೆ ಆ ಸೀಮೆಸುಣ್ಣ ಸೇರಿಸಿರೋದು, ಹೊರಗಿಂದ ಬರೋ ಆಸಿಡ್ ತಡೀತದೆ. ಕಪ್ಪು-ಬಿಳುಪು ಸಿಲ್ವರ್ ಪ್ರಿಂಟಿಗೂ ಪಿಗ್ಮೆಂಟ್ ಪ್ರಿಂಟಿಗೂ ನಡೆಯತ್ತೆ. ಬಣ್ಣದ ಲ್ಯಾಬ್ ಪ್ರಿಂಟಿಗೆ ಅನ್‌ಬಫರ್ಡ್ ಒಳ್ಳೇದು, ಸಯನೋಟೈಪ್ ಅನ್ನೋ ನೀಲಿ ಬಣ್ಣದ ಪ್ರಿಂಟಿಗಂತೂ ಅನ್‌ಬಫರ್ಡೇ ಆಗ್ಬೇಕು, ಕ್ಷಾರ ತಾಗಿದ್ರೆ ಆ ನೀಲಿ ಮಾಸೋಗತ್ತೆ. ಯಾವ ಪ್ರಿಂಟು ಅಂತ ಗೊತ್ತಾಗ್ಲಿಲ್ಲ ಅಂದ್ರೆ ಅನ್‌ಬಫರ್ಡ್ ಕಾಟನ್ ರ‍್ಯಾಗ್ ತಗೊಂಡ್ಬಿಡಿ, ಎಲ್ಲದಕ್ಕೂ ಆಗತ್ತೆ.

ಪಿಎಚ್ ಪೆನ್ನಿಂದ ಬೋರ್ಡಿನ ಕತ್ತರಿಸಿದ ತುಂಡಿನ ಮೇಲೆ, ಅದೂ ಒಳಗಿನ ತಿರುಳು ಕಾಣೋ ಕಡೆ, ಒಂದು ಗೆರೆ ಎಳೀರಿ. ಸಾಮಾನ್ಯವಾಗಿ ಸಿಗೋ ಪೆನ್ನಲ್ಲಿ ನೇರಳೆ ಬಂದ್ರೆ ಆಸಿಡ್ ಇಲ್ಲ, ಹಳದಿ ಬಂದ್ರೆ ಇದೆ. ಆದ್ರೆ ಸುಣ್ಣ ಹಾಕಿದ ಅಗ್ಗದ ಬೋರ್ಡೂ ನೇರಳೇನೇ ತೋರ್ಸತ್ತೆ. ಅಂದ್ರೆ ಈ ಪೆನ್ನು ಬೋರ್ಡನ್ನ ಫೇಲ್ ಮಾಡಬಲ್ಲದು, ಪಾಸ್ ಮಾಡೋಕಾಗಲ್ಲ. ಅನುಮಾನ ಇದ್ರೆ ಬೋರ್ಡಿನ ಒಂದು ಪಟ್ಟಿ, ಅದರ ಪಕ್ಕ ಇವತ್ತಿನ ನ್ಯೂಸ್ ಪೇಪರ್, ಎರಡರ ಅರ್ಧಕ್ಕೂ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಮಾರ್ಚ್ ಬಿಸಿಲು ಬೀಳೋ ಕಿಟಕೀಲಿ ಒಂದು ತಿಂಗಳು ಬಿಡಿ. ಫಾಯಿಲ್ ಬಿಚ್ಚಿದಾಗ ಬೋರ್ಡಲ್ಲೂ ಗೆರೆ ಕಂಡ್ರೆ ಅದು ಬೇಡ. ಮತ್ತೆ ಪೆನ್ನನ್ನ ಫೋಟೋ ಮೇಲೆ ಮಾತ್ರ ಇಡ್ಬೇಡಿ, ಆ ಬಣ್ಣ ಹೋಗಲ್ಲ.

ಇಂಥ ಬೋರ್ಡನ್ನ ನಮ್ಮ ಪೇಟೆ ಅಂಗಡಿಗಳಲ್ಲಿ ಸ್ಟಾಕ್ ಇಟ್ಟಿರೋದು ಕಮ್ಮಿ, ಬೆಂಗಳೂರಿಂದಾನೋ ಆನ್‌ಲೈನಲ್ಲೋ ತರಿಸ್ಬೇಕು. ಪೂರ್ತಿ ಶೀಟು ಸಾಮಾನ್ಯವಾಗಿ 32×40 ಇಂಚು. ಅದ್ರಲ್ಲಿ 16×20 ತುಂಡು ನಾಲ್ಕು ಬರತ್ತೆ, 11×14 ಆದ್ರೆ ಆರು. ಒಂದು ಕಟ್ಟಿಗೆ ಎರಡು ತುಂಡು ಬೇಕು, ಮುಂದಿನ ಕಿಟಕಿಗೊಂದು, ಫೋಟೋ ಹಿಂದೆ ಒಂದು. ಮುಂದೆ ಮಾತ್ರ ಒಳ್ಳೆ ಬೋರ್ಡು ಹಾಕಿ ಹಿಂದೆ ರಟ್ಟು ತುರುಕೋದು ಬಹಳ ಮಾಮೂಲಿ ತಪ್ಪು. ಫೋಟೋದ ಇಡೀ ಬೆನ್ನು ತಾಗಿರೋದು ಆ ಹಿಂದಿನದಕ್ಕೇ ಅಲ್ವಾ?

ಹಂತ 3: ಫೋಟೋನ ಬೋರ್ಡಿಗೆ ಹಿಡಿಸೋದು

ಫೋಟೋಗೆ ಅಂಟು ತಾಗಬಾರ್ದು. ಬಿಳಿ ಗೋಂದು, ಡಬಲ್ ಸೈಡ್ ಟೇಪು, ಸೆಲ್ಲೋಟೇಪು, ಮಾಸ್ಕಿಂಗ್ ಟೇಪು, ಸ್ಪ್ರೇ ಅಂಟು ಯಾವುದೂ ಬೇಡ. ಟೇಪಿನ ಅಂಟು ಕಂದಾಗಿ ಕಾಗದದೊಳಗೆ ಇಳೀತದೆ, ಮುಂದಿನಿಂದ್ಲೇ ಟೇಪಿನ ಆಕಾರ ಕಾಣತ್ತೆ. ಫೋಟೋನ ಪೂರ್ತಿ ಅಂಟಿಸಿದ್ರೆ ಮಳೇಲಿ ಕಾಗದ ಹಿಗ್ಗೋಕೆ ಜಾಗ ಇರಲ್ಲ, ಅಲೆ ಅಲೆ ಏಳತ್ತೆ.

ಅಂಗಡೀಲಿ "ಲ್ಯಾಮಿನೇಷನ್ ಮಾಡಿ ಎಂಡಿಎಫ್ ಮೇಲೆ ಕೂರ್ಸಿ ಕೊಡ್ತೀನಿ ಸಾರ್, ಗಾಜೇ ಬೇಡ, ನೀರು ಬಿದ್ರೂ ಏನಾಗಲ್ಲ" ಅಂತಾರೆ. ಹೊಸದಾಗಿ ತೆಗೆಸಿದ, ಪೆನ್‌ಡ್ರೈವಲ್ಲಿ ಇನ್ನೊಂದು ಪ್ರತಿ ಇರೋ ಪ್ರಿಂಟಿಗೆ ಮಾಡ್ಸ್ಕೊಳ್ಳಿ, ನನ್ನ ತಕರಾರಿಲ್ಲ. ಹಳೇ ಫೋಟೋಗೆ ಮಾಡ್ಸಿದ್ರೆ ಮುಗೀತು, ಅದನ್ನ ವಾಪಸ್ ಬಿಡಿಸೋ ದಾರಿ ಇಲ್ಲ.

ಸುಲಭದ ದಾರಿ ಪಾಲಿಯೆಸ್ಟರ್ ಕಾರ್ನರ್. ರೆಡಿಮೇಡ್ ಸಿಗತ್ತೆ, ಮನೇಲೂ ಮಾಡಬಹುದು. ಪಾರದರ್ಶಕ ಪಾಲಿಯೆಸ್ಟರ್ ಹಾಳೆಯಿಂದ 1 ಇಂಚು ಅಗಲ 3 ಇಂಚು ಉದ್ದದ ಪಟ್ಟಿ ಕತ್ತರಿಸಿ ಅಡ್ಡಕ್ಕಿಟ್ಕೊಳ್ಳಿ. ಮಧ್ಯಕ್ಕೆ ಗುರುತು ಮಾಡಿ ಎಡ ತುದಿನೂ ಬಲ ತುದಿನೂ ಹಿಂದಕ್ಕೆ, ಕೆಳಮುಖವಾಗಿ ಮಡಚಿ, ಎರಡೂ ಮಧ್ಯದಲ್ಲಿ ಪಕ್ಕಪಕ್ಕ ಕೂಡ್ಬೇಕು. ಮೇಲೆ ಚೂಪು ತುದಿ ಬರತ್ತೆ, ಮುಂದೆ ಸಪಾಟು ತ್ರಿಕೋನ, ಹಿಂದೆ ಎರಡು ರೆಕ್ಕೆ, ನಡುವೆ ಒಂದು ಜೇಬು. ಫೋಟೋದ ನಾಲ್ಕೂ ಮೂಲೆ ಇಂಥ ಜೇಬಿಗೆ ಹೋಗ್ಬೇಕು. ಅಂಟು ರೆಕ್ಕೆ ಅಡಿಗೆ ಮಾತ್ರ, ಬೋರ್ಡಿಗೆ ಕೂರೋ ಕಡೆ, ಅದೂ ಪಿಎಟಿ ಪಾಸಾದ ಟೇಪು, ರೆಕ್ಕೆಯಿಂದ ಹೊರಗೆ ಒಂದು ಕೂದಲಷ್ಟೂ ಚಾಚಬಾರ್ದು. ಬಿಗಿಯಾಗಿ ಎಳೆದು ಕೂರಿಸ್ಬೇಡಿ, ಪ್ರತಿ ಮೂಲೇಲಿ ಸುಮಾರು 1 ಮಿಲಿಮೀಟರ್ ಸಡಿಲ ಬಿಡಿ. ಇದು ಜನ ಬಿಡೋದೇ ಇಲ್ಲ, ಆಮೇಲೆ ಆಷಾಢದಲ್ಲಿ ಫೋಟೋ ಬಿಲ್ಲಿನ ತರ ಬಾಗತ್ತೆ.

ಫೋಟೋದ ಅಂಚು ಕಿಟಕಿ ಹಿಂದೆ ಮರೆಯಾಗಬೇಕಾದ್ರೆ ಕಿಟಕಿ ಅಂಚು ಫೋಟೋ ಮೇಲೆ ನಾಲ್ಕೂ ಕಡೆ ಒಂದು 4-5 ಮಿಲಿಮೀಟರ್ ಬರ್ಬೇಕು. ಅಳತೆ ಕೊಡುವಾಗ ಇದನ್ನ ಹೇಳಿ, ಇಲ್ದಿದ್ರೆ ಫೋಟೋ ಅಳತೆಗೇ ಕಿಟಕಿ ಕತ್ತರಿಸಿ ಫೋಟೋ ಜಾರಿ ಬೀಳತ್ತೆ. 16×20ಕ್ಕಿಂತ ದೊಡ್ಡದಾದ್ರೆ ಮೂಲೆ ಮಾತ್ರ ಸಾಲದು, ಮಧ್ಯ ಜೋತು ಬೀಳತ್ತೆ, ಕೆಳ ಅಂಚಿನುದ್ದಕ್ಕೂ ಅದೇ ಪಾಲಿಯೆಸ್ಟರಿನ ಮಡಚಿದ ಪಟ್ಟಿ ಕೊಡಿ.

ಜಪಾನಿ ಕಾಗದ, ಗೋಧಿ ಪಿಷ್ಟದ ಅಂಟು ಹಾಕಿ ಮೇಲಂಚಿಂದ ನೇತು ಹಾಕೋ ಪದ್ಧತಿ ಫೈಬರ್ ಪ್ರಿಂಟಿಗೆ ಒಳ್ಳೇದೇ, ಕೈ ಪಳಗಿರ್ಬೇಕು. ಪಿಷ್ಟ ಬೇರೆ, ಮೈದಾ ಬೇರೆ, ಪೋಸ್ಟರ್ ಹಚ್ಚೋ ಮೈದಾ ಗೋಂದು ಮಾಡ್ಕೊಂಡು ಬರ್ಬೇಡಿ, ಹುಳಕ್ಕೆ ಊಟ ಹಾಕ್ದಂಗಾಗತ್ತೆ. ಲ್ಯಾಬ್ ಪ್ರಿಂಟಿನ ಪ್ಲಾಸ್ಟಿಕ್ ಬೆನ್ನಿಗೆ ಇದು ಸರಿಯಾಗಿ ಹಿಡಿಯೋದೂ ಇಲ್ಲ.

ಹಂತ 4: ಗಾಜು, ಮತ್ತೆ ಗಾಜಿಗೂ ಫೋಟೋಗೂ ನಡುವಿನ ಅಂತರ

ಅಂತರ ಮೊದ್ಲು. ಫೋಟೋದ ಮೇಲ್ಮೈ ಜೆಲಾಟಿನ್, ತೇವ ಹೀರಿ ಉಬ್ಬತ್ತೆ, ಗಾಜಿಗೆ ತಾಗಿದ್ರೆ ಅಂಟ್ಕೊಂಡು ಅಲ್ಲೇ ಒಣಗತ್ತೆ. ಮೌಂಟ್ ಇಲ್ದೆ ಗಾಜಿಗೆ ಒತ್ತಿ ಕಟ್ಟು ಹಾಕಿರೋ ಹಳೇ ಫೋಟೋಗಳ ಕಥೆ ಎಲ್ಲ ಇದೇ. ಮಾಮೂಲಿ 4 ಪ್ಲೈ, ಅಂದ್ರೆ ನಾಲ್ಕು ಪದರದ, ಮೌಂಟ್ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ, ಸಣ್ಣ ಫೋಟೋಗೆ ಸಾಕು. ದೊಡ್ಡ ಫೋಟೋ, ಘಟ್ಟದ ಮನೆ ಅಂದ್ರೆ 8 ಪ್ಲೈ ಹಾಕ್ಸಿ ಇಲ್ಲಾ ಎರಡು ಪದರ ಮೌಂಟ್ ಕೊಡ್ಸಿ. ಮೌಂಟ್ ಅಂಚು ಕಾಣೋದು ಇಷ್ಟ ಇಲ್ಲ ಅನ್ನೋರು ಪಟ್ಟಿಯೊಳಗೆ ಸ್ಪೇಸರ್, ಅಂದ್ರೆ ಗಾಜನ್ನ ದೂರ ಹಿಡಿಯೋ ಸಣ್ಣ ಪಟ್ಟಿ, ಇಡ್ಸಿ.

ಮಾಮೂಲಿ 2 ಮಿಲಿಮೀಟರ್ ಗಾಜು ಯುವಿ ಕಿರಣ ಪೂರ್ತಿ ತಡೆಯಲ್ಲ. ಯುವಿ ಫಿಲ್ಟರ್ ಇರೋ ಗಾಜು ಅಥವಾ ಅಕ್ರಿಲಿಕ್ ಬಹುಪಾಲು ತಡೀತದೆ, ದುಬಾರಿ. ಆದ್ರೆ ಬರೀ ಯುವಿ ತಡೆದ್ರೆ ಮಾಸೋದು ನಿಲ್ಲಲ್ಲ, ಕಣ್ಣಿಗೆ ಕಾಣೋ ಬೆಳಕೂ ಬಣ್ಣ ತಿನ್ನತ್ತೆ. ದುಡ್ಡು ಸೀಮಿತ ಅಂದ್ರೆ ನಾನಂತೂ ಒಳ್ಳೆ ಬೋರ್ಡಿಗೆ ಹಾಕಿ, ಮಾಮೂಲಿ ಗಾಜಲ್ಲೇ ನೆರಳಿನ ಗೋಡೆ ಹುಡುಕಿ ಅಂತೀನಿ.

ಅಕ್ರಿಲಿಕ್ ಹಗುರ, ಒಡೆಯಲ್ಲ, ಥಂಡಿಗೆ ಒಳಗಡೆ ಬೆವರೋದೂ ಗಾಜಿಗಿಂತ ಕಮ್ಮಿ. ಗೀರು ಬೇಗ ಬೀಳತ್ತೆ, ಧೂಳು ಎಳ್ಕೊಳ್ಳತ್ತೆ. ಅಮೋನಿಯಾ ಇರೋ ಗ್ಲಾಸ್ ಕ್ಲೀನರ್ ಇದಕ್ಕೆ ಹಾಕ್ಬೇಡಿ, ಮಬ್ಬಾಗತ್ತೆ. ಮತ್ತೆ ಗಾಜಾಗ್ಲಿ ಅಕ್ರಿಲಿಕ್ ಆಗ್ಲಿ, ಸ್ಪ್ರೇ ಬಟ್ಟೆಗೆ ಹೊಡೀರಿ. ಗಾಜಿಗೆ ಹೊಡೆದ್ರೆ ನೀರು ಕೆಳಗಿಳಿದು ಪಟ್ಟಿ ಸಂದಿಂದ ಮೌಂಟಿಗೆ ಹೋಗತ್ತೆ.

ಹಂತ 5: ಬೆನ್ನು, ಮುಚ್ಚಳ, ಸೀಲು

ಹಾರ್ಡ್‌ಬೋರ್ಡು, ಎಂಡಿಎಫ್, ಪ್ಲೈವುಡ್ ಈ ಮೂರೂ ಆಸಿಡ್ ಆವಿ ಬಿಡ್ತವೆ, ನಮ್ಮಲ್ಲಿ ಹೆಚ್ಚು ಹಾಕೋದೂ ಇವನ್ನೇ. ಬದಲಿಗೆ ಪಾಲಿಪ್ರಾಪಿಲೀನಿನ ಟೊಳ್ಳು ಶೀಟು ಹಾಕ್ಸಿ, ಫ್ಲೆಕ್ಸ್ ಬೋರ್ಡ್ ಅಂಗಡೀಲಿ ಸನ್‌ಪ್ಯಾಕ್ ಅಂತ ಕೇಳಿದ್ರೆ ಕೊಡ್ತಾರೆ. ಅಚ್ಚಾಗದೇ ಇರೋ ಬಿಳಿ ಶೀಟೇ ತಗೊಳ್ಳಿ. ಪಿವಿಸಿ ಫೋಮ್ ಶೀಟೂ ಅಲ್ಲೇ ಇರತ್ತೆ, ಅದು ಬೇಡ. ಹೊಸ ರೇನ್‌ಕೋಟಿನ ವಾಸನೆ ಹೊಡೆಯೋ ಯಾವ ಪ್ಲಾಸ್ಟಿಕ್ಕೂ ಫೋಟೋ ಹತ್ರ ಸುಳಿಯಬಾರ್ದು.

ಜೋಡಿಸೋ ಕ್ರಮ ಮುಂದಿನಿಂದ ಹಿಂದಕ್ಕೆ ಹೀಗಿರ್ಲಿ: ಗಾಜು, ಕಿಟಕಿ ಮೌಂಟು, ಫೋಟೋ, ಹಿಂದಿನ ಮೌಂಟು, ಪಾಲಿಪ್ರಾಪಿಲೀನ್ ಶೀಟು. ಈ ಐದನ್ನೂ ಒಟ್ಟಿಗೆ ಹಿಡಿದು ನಾಲ್ಕೂ ಅಂಚಿಗೆ ಸೀಲಿಂಗ್ ಟೇಪ್ ಸುತ್ತಿ, ಆಮೇಲೆ ಪಟ್ಟಿಯೊಳಗೆ ಇಳಿಸಿ. ಟೇಪು ಗಾಜಿನ ಮುಂಭಾಗಕ್ಕೆ 2-3 ಮಿಲಿಮೀಟರ್ ಅಷ್ಟೇ ಬರ್ಲಿ, ಪಟ್ಟಿ ಮುಚ್ಕೊಳ್ಳತ್ತೆ. ಇದರಿಂದ ಹೊರಗಿನ ತೇವ ಒಳಗೆ ಹೋಗೋದು ಬಹಳ ನಿಧಾನ ಆಗತ್ತೆ, ಬೆಳ್ಳಿಹುಳ, ಧೂಳೂ ದೂರ.

ಆದ್ರೆ ಸೀಲ್ ಮಾಡಿದ ದಿನ ಒಳಗೆಷ್ಟು ತೇವ ಇತ್ತೋ ಅದೂ ಒಳಗೇ ಉಳಿಯತ್ತೆ. ಜುಲೈ ತಿಂಗಳ ಜಡಿಮಳೇಲಿ ಕೂತು ಬಹಳ ಶಿಸ್ತಾಗಿ ಸೀಲ್ ಮಾಡಿದ್ರೆ ಬೂಷ್ಟಿಗೆ ನೀವೇ ಮನೆ ಕಟ್ಟಿ ಕೊಟ್ಟಂಗೆ. ಜನವರಿಯಿಂದ ಮಾರ್ಚ್ ಒಳಗೆ, ಬಿಸಿಲಿರೋ ದಿನ ಮಧ್ಯಾಹ್ನ, ಹೈಗ್ರೋಮೀಟರ್ 50ರ ಆಸುಪಾಸು ತೋರಿಸುವಾಗ ಮಾಡಿ. ಬೋರ್ಡನ್ನೂ ಫೋಟೋನೂ ಅದೇ ರೂಮಲ್ಲಿ ಒಂದೆರಡು ದಿನ ಮೊದ್ಲೇ ಬಿಡಿ. ಅರ್ಜೆಂಟ್ ಇದ್ದು ಮಳೆಗಾಲದಲ್ಲೇ ಮಾಡ್ಬೇಕು ಅಂದ್ರೆ ಸದ್ಯಕ್ಕೆ ಸೀಲ್ ಇಲ್ದೆ ಹಾಕ್ಸಿ, ಬೇಸಿಗೇಲಿ ಬಿಚ್ಚಿ ಒಣಗಿಸಿ ಸೀಲ್ ಮಾಡಿ.

ಹಂತ 6: ಈಗ ಪಟ್ಟಿ ಆರಿಸಿ

ಮೊದ್ಲು ನೋಡಬೇಕಾದ್ದು ಪಟ್ಟಿ ಒಳಗಿನ ಗಾಡಿಯ, ಅಂದ್ರೆ ಗಾಜು, ಬೋರ್ಡು ಕೂರೋ ತೋಡಿನ, ಆಳ. ಗಾಜು 2, ಎರಡು ಮೌಂಟು 3, ಹಿಂದಿನ ಶೀಟು 4, ಒಟ್ಟು 9 ಮಿಲಿಮೀಟರ್ ಆಯ್ತು, 8 ಪ್ಲೈ ಹಾಕಿದ್ರೆ ಇನ್ನೂ ಒಂದೂವರೆ. ಮೊಳೆಗೂ ಜಾಗ ಬೇಕು. ಹಾಗಾಗಿ ಗಾಡಿ 13-14 ಮಿಲಿಮೀಟರ್ ಆಳ ಇರೋ ಪಟ್ಟಿನೇ ಕೇಳಿ. ಆಳ ಸಾಲದೆ ಇದ್ರೆ ಅಂಗಡಿ ಹುಡುಗ ಒತ್ತಿ ಒತ್ತಿ ಮೊಳೆ ಹೊಡೀತಾನೆ, ಇಲ್ಲಾ ಹಿಂದಿನ ಮೌಂಟನ್ನೇ ತೆಗೆದು ಪಕ್ಕಕ್ಕಿಡ್ತಾನೆ.

ಅಲ್ಯೂಮಿನಿಯಂ ಪಟ್ಟಿ ಎಲ್ಲಕ್ಕಿಂತ ನಿಶ್ಚಿಂತೆ, ಗೆದ್ದಲು ಭಯಾನೂ ಇಲ್ಲ. ಮರದ್ದೇ ಬೇಕು, ತೋಟದ ಸಿಲ್ವರ್ ಓಕಲ್ಲೋ ಮನೇಲಿರೋ ಹಳೇ ಬೀಟೆ ತುಂಡಲ್ಲೋ ಮಾಡಿಸ್ತೀನಿ ಅನ್ನೋರು ಬಹಳ ಜನ. ಮಾಡ್ಸಿ, ಆದ್ರೆ ಹಸಿ ಮರ ಬೇಡ, ಚೆನ್ನಾಗಿ ಒಣಗಿರ್ಬೇಕು, ಪಾಲಿಶ್ ಹೊಡೆದ ಮೇಲೆ ಮೂರ್ನಾಲ್ಕು ವಾರ ವಾಸನೆ ಹೋಗೋವರೆಗೂ ಬಿಡಿ, ಗಾಡಿ ಒಳಗಡೆ ಅಲ್ಯೂಮಿನಿಯಂ ಪದರದ ಟೇಪ್ ಅಂಟಿಸಿ ಮರದ ಆವಿ ತಡೀರಿ.

ಅಂಗಡಿಗೆ ಬಾಯಲ್ಲಿ ಹೇಳಿ ಬರ್ಬೇಡಿ, ಚೀಟಿ ಬರೆದು ಕೊಡಿ: ಬೋರ್ಡು ನಮ್ಮದೇ, ಮುಂದೆ ಹಿಂದೆ ಎರಡೂ ಕಡೆ. ಫೋಟೋಗೆ ಯಾವ ಅಂಟೂ ಇಲ್ಲ. ಎಂಡಿಎಫ್ ಇಲ್ಲ. ಲ್ಯಾಮಿನೇಷನ್ ಇಲ್ಲ. ಆಗೋದಾದ್ರೆ ಪಟ್ಟಿ, ಗಾಜು, ಕಿಟಕಿ ಅವರಿಂದ ಕತ್ತರಿಸ್ಕೊಂಡು ಬಂದು ಜೋಡಣೆ ಮನೇಲೇ ಮಾಡ್ಕೊಳ್ಳಿ.

ಹಂತ 7: ಎಲ್ಲಿ ನೇತು ಹಾಕೋದು

ಮಳೆ ಹೊಡೆಯೋ ಪಡುವಣ ದಿಕ್ಕಿನ ಹೊರಗೋಡೆ ಬೇಡ. ಬಚ್ಚಲ ಒಲೆ ಗೋಡೆ, ಅಡಿಗೆಮನೆ ಬಾಗಿಲ ಮೇಲೆ ಬೇಡ. ಮನೆ ಒಳಗಿನ, ಎರಡೂ ಕಡೆ ರೂಮಿರೋ ಗೋಡೆ ಒಳ್ಳೇದು. ಕಟ್ಟಿನ ಕೆಳಗಿನ ಎರಡು ಮೂಲೆಗೆ ರಬ್ಬರ್ ಬಿಲ್ಲೆ ಅಂಟಿಸಿ, ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡ್ಬೇಕು.

ಹಿರಿಯರ ಫೋಟೋ ಆದ್ರೆ ಇನ್ನೊಂದಿದೆ. ಹಬ್ಬಕ್ಕೆ, ತಿಥಿಗೆ ಹಸಿ ಹೂವಿನ ಹಾರ ಹಾಕ್ತೀವಲ್ಲ, ಆ ಹಾರದ ನೀರು ಗಾಜಿನ ಮೇಲಿಂದ ಇಳಿದು ಕೆಳಪಟ್ಟಿ ಸಂದೀಲಿ ನಿಲ್ಲತ್ತೆ, ಅಲ್ಲಿಂದ ಮೌಂಟು ಹೀರ್ಕೊಳ್ಳತ್ತೆ. ಕೆಳಗಿನಿಂದ ಮೇಲಕ್ಕೆ ಕಂದು ಕಲೆ ಏರಿರೋ ಫೋಟೋ ನೋಡಿದ್ರೆ ಮೊದ್ಲು ಹಾರದ ಬಗ್ಗೆ ಕೇಳಿ. ಕಟ್ಟಿನ ಮೇಲೆ, ಒಂದಿಂಚು ಮುಂದಕ್ಕೆ ಚಾಚೋ ಹಾಗೆ ಗೋಡೆಗೆ ಬೇರೆ ಕೊಕ್ಕೆ ಹೊಡೆದು ಹಾರ ಅದಕ್ಕೆ ಹಾಕಿ, ನೀರು ಚೆನ್ನಾಗಿ ಕೊಡವಿ ಹಾಕಿ. ಗಾಜಿನ ಮೇಲಿನ ಕುಂಕುಮ ಒಣ ಬಟ್ಟೇಲೇ ತೆಗೀರಿ.

ಅಪಾಯದ ಗುರುತುಗಳು

ಮಳೆ ಬಿಟ್ಟ ಮೇಲೆ, ನವರಾತ್ರಿ ಮನೆ ಕ್ಲೀನಿಂಗ್ ಟೈಮಲ್ಲಿ, ಪ್ರತಿ ಕಟ್ಟನ್ನೂ ಕೆಳಗಿಳಿಸಿ ಟಾರ್ಚ್ ಓರೆಯಾಗಿ ಹಿಡಿದು ನೋಡಿ. ಕಿಟಕಿಯ ಓರೆ ಅಂಚು ಹಳದಿ ಆಗಿದ್ರೆ ಬೋರ್ಡು ಬದಲಾಯಿಸ್ಬೇಕು. ಗಾಜಿನ ಒಳಗೆ ಮಂಜು ಇದ್ರೆ ತೇವ ಸಿಕ್ಕಿಹಾಕ್ಕೊಂಡಿದೆ, ಇಲ್ಲಾ ಇಂಕ್ ಆರಿಲ್ಲ. ಫೋಟೋ ಮೇಲೆ ಕೆರೆದಂಗೆ, ಮೇಲ್ಪದರ ತಿಂದಂಗೆ ಇದ್ರೆ ಬೆಳ್ಳಿಹುಳ. ಹಿಂದಿನ ಕಾಗದದ ಮೇಲೆ ಮಣ್ಣಿನ ಸಣ್ಣ ಗೆರೆ ಕಂಡ್ರೆ ಗೆದ್ದಲು, ಆಗ ಫೋಟೋಗಿಂತ ಮೊದ್ಲು ಗೋಡೆ ನೋಡ್ಕೊಳ್ಳಿ. ಫೋಟೋದ ಒಂದು ಜಾಗ ಮಾತ್ರ ಒದ್ದೆ ಆದಂಗೆ ಗಾಢವಾಗಿ ಹೊಳೀತಿದ್ರೆ ಅದು ಗಾಜಿಗೆ ತಾಗ್ತಿದೆ, ಇನ್ನೂ ಅಂಟಿರದೇ ಇರಬಹುದು, ತಡ ಮಾಡ್ದೆ ಬಿಚ್ಚಿಸಿ.

ಬೂಷ್ಟು ಕಂಡ್ರೆ ಒದ್ದೆ ಬಟ್ಟೆ ಹಾಕ್ಬೇಡಿ, ಫ್ಯಾನ್ ಗಾಳಿಗೂ ಹಿಡೀಬೇಡಿ. ಮಾಸ್ಕ್ ಹಾಕ್ಕೊಂಡು ಕಟ್ಟು ಬಿಚ್ಚಿ, ಫೋಟೋನ ಒಣ ರೂಮಲ್ಲಿ ನೆರಳಲ್ಲಿ ಬಿಡಿ, ಬೂಷ್ಟು ಪುಡಿಪುಡಿ ಆದ ಮೇಲೆ ಮೃದು ಬ್ರಷ್‌ನಲ್ಲಿ ಮೆಲ್ಲಗೆ ತೆಗೀರಿ. ಜೆಲಾಟಿನ್ ಮೆತ್ತಗಾಗಿ ಅಂಟಂಟು ಅನ್ಸಿದ್ರೆ ಬ್ರಷ್ಷೂ ಬೇಡ. ಆ ಹಳೇ ಮೌಂಟು ಬಿಸಾಕಿ, ಉಳಿಸ್ಕೊಂಡು ಇನ್ನೊಂದಕ್ಕೆ ಹಾಕ್ಬೇಡಿ.

ಫೋಟೋ ಗಾಜಿಗೆ ಪೂರ್ತಿ ಅಂಟ್ಕೊಂಡಿದ್ರೆ ಎಳೀಬೇಡಿ, ನೀರಲ್ಲಿ ನೆನೆಸ್ಬೇಡಿ, ಹೇರ್ ಡ್ರೈಯರ್ ಹಿಡೀಬೇಡಿ. ಗಾಜು ಸಮೇತ ಹಾಗೇ ಸ್ಕ್ಯಾನರ್ ಮೇಲಿಟ್ಟು ಸ್ಕ್ಯಾನ್ ಮಾಡ್ಸಿ, ಆ ಗಾಜನ್ನ ಬಟ್ಟೆ ಸುತ್ತಿ ಚಪ್ಪಟೆಯಾಗಿ ಒಣ ಜಾಗದಲ್ಲಿಡಿ. ಬಿಡಿಸೋದೇ ಆದ್ರೆ ಫೋಟೋ ಸಂರಕ್ಷಣೆ ಕಲಿತೋರ ಕೈಯಲ್ಲೇ ಆಗ್ಬೇಕು. ಅಲ್ಲೀವರೆಗೂ ಹಳೇ ಪಟ್ಟಿಗೆ ಸ್ಕ್ಯಾನ್‌ನಿಂದ ತೆಗೆಸಿದ ಪ್ರತಿ ಹಾಕ್ಕೊಳ್ಳಿ, ಈ ಸಲ ಮೌಂಟ್ ಜೊತೆ.